ಆಂಟಿಸೈಕೋಟಿಕ್ ಮಾತ್ರೆ, ಏರುವ ತೂಕ, ಏರುವ ಶುಗರ್: ಮೊದಲ ಹನ್ನೆರಡು ವಾರ ಯಾಕೆ ಮುಖ್ಯ

ಸ್ಕಿಜೋಫ್ರೇನಿಯಾದಂಥ ತೀವ್ರ ಮಾನಸಿಕ ಕಾಯಿಲೆಗೆ ಕೊಡುವ ಆಂಟಿಸೈಕೋಟಿಕ್ ಮಾತ್ರೆ ಓಲಾಂಜಪಿನ್ ಶುರುವಾಗಿ ಎರಡು ಮೂರು ವಾರ ಆಗಿರುತ್ತದೆ. ಕಿವಿಯಲ್ಲಿ ಕೇಳುತ್ತಿದ್ದ ಧ್ವನಿಗಳು ಕಡಿಮೆಯಾಗಿರುತ್ತವೆ, ರಾತ್ರಿ ನಿದ್ದೆ ಬರುತ್ತಿರುತ್ತದೆ, ಸಂಶಯ ಇಳಿದಿರುತ್ತದೆ. ಅದೇ ಹೊತ್ತಿಗೆ ಹಾಕುವ ಬಟ್ಟೆ ಬಿಗಿಯಾಗತೊಡಗುತ್ತದೆ. ‘ಹುಷಾರಾಗ್ತಿದ್ದಾರೆ, ಊಟ ಚೆನ್ನಾಗಿ ಸೇರ್ತಿದೆ’ ಎಂದು ಮನೆಯವರು ಸಮಾಧಾನಪಡುತ್ತಾರೆ. ಮನೋವೈದ್ಯರ ಗಮನವೂ ಸಹಜವಾಗಿ ಮನಸ್ಸಿನ ಲಕ್ಷಣಗಳ ಮೇಲೆಯೇ ಇರುತ್ತದೆ. ಆರು ತಿಂಗಳು ಕಳೆದು, ಹತ್ತು ಹದಿನೈದು ಕೆ.ಜಿ. ಏರಿದ ಮೇಲೆ ಡಯಟ್, ವಾಕಿಂಗ್ ಎಂಬ ಮಾತು ಬರುತ್ತದೆ. ಏರಿದ ತೂಕವನ್ನು ಇಳಿಸುವುದಕ್ಕಿಂತ ಏರದಂತೆ ನೋಡಿಕೊಳ್ಳುವುದು ಎಷ್ಟೋ ಸುಲಭ. ಅದಕ್ಕೆ ಸಿಗುವ ಒಳ್ಳೆಯ ಅವಕಾಶ ಮೊದಲ ಹನ್ನೆರಡು ವಾರ.

ಮುಂದೆ ಹೋಗುವ ಮುನ್ನ ಒಂದು ಮಾತು. ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಫಿನ್ಲೆಂಡಿನ ರಾಷ್ಟ್ರೀಯ ದಾಖಲೆಗಳನ್ನು ಇಟ್ಟುಕೊಂಡು ನಡೆದ ದೀರ್ಘಕಾಲದ ಅಧ್ಯಯನಗಳಲ್ಲಿ, ಸ್ಕಿಜೋಫ್ರೇನಿಯಾ ಇದ್ದು ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ ಸಾವಿನ ಪ್ರಮಾಣ ಮಾತ್ರೆ ತೆಗೆದುಕೊಳ್ಳದವರಿಗಿಂತ ಕಡಿಮೆ ಇತ್ತು. ತೂಕ ಹೆಚ್ಚಿಸುವುದರಲ್ಲಿ ಮೊದಲ ಸಾಲಿನಲ್ಲಿರುವ ಕ್ಲೋಜಪಿನ್ ತೆಗೆದುಕೊಂಡವರಲ್ಲಂತೂ ಅದು ಇನ್ನೂ ಕಡಿಮೆ. ಆದರೂ ಸ್ಕಿಜೋಫ್ರೇನಿಯಾ ಇರುವವರು ಉಳಿದವರಿಗಿಂತ ಸುಮಾರು 10ರಿಂದ 20 ವರ್ಷ ಮೊದಲೇ ತೀರಿಕೊಳ್ಳುತ್ತಾರೆ. ಅದಕ್ಕೆ ಆತ್ಮಹತ್ಯೆಯೊಂದೇ ಕಾರಣವಲ್ಲ. ದೊಡ್ಡ ಪಾಲು ಹೃದಯ ಮತ್ತು ರಕ್ತನಾಳದ ಕಾಯಿಲೆಗಳದ್ದು. ಮಾತ್ರೆ ಬೇಕೋ ದೇಹ ಬೇಕೋ ಎಂಬ ಪ್ರಶ್ನೆಯೇ ತಪ್ಪು. ಎರಡನ್ನೂ ಉಳಿಸಿಕೊಳ್ಳುವ ದಾರಿಗಳಿವೆ.

ಯಾವ ಮಾತ್ರೆ, ಎಷ್ಟು ತೂಕ

1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜೀನ್ ಬಳಕೆಗೆ ಬಂದಾಗಿನಿಂದ ಹಲವು ದಶಕ ಈ ಔಷಧಿಗಳ ದೊಡ್ಡ ತೊಂದರೆ ಎಂದರೆ ಕೈನಡುಕ, ಮೈ ಸೆಟೆದುಕೊಳ್ಳುವುದು, ದವಡೆ ಹಿಡಿದುಕೊಳ್ಳುವುದು. 1990ರ ದಶಕದಲ್ಲಿ ರಿಸ್ಪೆರಿಡೋನ್, ಓಲಾಂಜಪಿನ್, ಕ್ವೆಟಿಯಪಿನ್ ಬಂದಾಗ ಆ ತೊಂದರೆ ಬಹಳಷ್ಟು ತಗ್ಗಿತು. ಹಾಗಾಗಿ ಅವನ್ನು ಧಾರಾಳವಾಗಿ ಬರೆಯತೊಡಗಿದರು. ಅವುಗಳ ಬೆಲೆಯನ್ನು ದೇಹ ಬೇರೆ ರೂಪದಲ್ಲಿ ತೆರುತ್ತಿದೆ ಎಂಬುದು ನಿಧಾನಕ್ಕೆ ಗೊತ್ತಾಯಿತು. 2003ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಈ ಹೊಸ ಗುಂಪಿನ ಎಲ್ಲ ಔಷಧಿಗಳ ಮೇಲೂ ರಕ್ತದ ಸಕ್ಕರೆ ಮತ್ತು ಮಧುಮೇಹದ ಎಚ್ಚರಿಕೆ ಹಾಕಬೇಕೆಂದು ಹೇಳಿತು.

ಎಲ್ಲ ಮಾತ್ರೆಗಳೂ ಒಂದೇ ಮಟ್ಟದಲ್ಲಿ ತೊಂದರೆ ಕೊಡುವುದಿಲ್ಲ. 1999ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ ಒಂದು ಲೆಕ್ಕದಲ್ಲಿ, ಸಾಮಾನ್ಯ ಡೋಸಿನಲ್ಲಿ 10 ವಾರಕ್ಕೆ ಕ್ಲೋಜಪಿನ್ ಸರಾಸರಿ 4.45 ಕೆ.ಜಿ., ಓಲಾಂಜಪಿನ್ 4.15 ಕೆ.ಜಿ., ರಿಸ್ಪೆರಿಡೋನ್ 2.1 ಕೆ.ಜಿ. ಏರಿಸಿದವು. ಜಿಪ್ರಾಸಿಡೋನ್ ಹೆಚ್ಚುಕಡಿಮೆ ಏನೂ ಏರಿಸಲಿಲ್ಲ. ನಂತರ ಬಂದ ಅಧ್ಯಯನಗಳೂ ಇದೇ ಸಾಲನ್ನು ಎತ್ತಿಹಿಡಿದಿವೆ. ಮೇಲ್ತುದಿಯಲ್ಲಿ ಕ್ಲೋಜಪಿನ್ ಮತ್ತು ಓಲಾಂಜಪಿನ್. ನಡುವೆ ಕ್ವೆಟಿಯಪಿನ್, ರಿಸ್ಪೆರಿಡೋನ್, ಪ್ಯಾಲಿಪೆರಿಡೋನ್. ಕೆಳತುದಿಯಲ್ಲಿ ಅರಿಪಿಪ್ರಜೋಲ್, ಕ್ಯಾರಿಪ್ರಜೀನ್, ಲುರಾಸಿಡೋನ್, ಜಿಪ್ರಾಸಿಡೋನ್. ಹಳೆಯ ಔಷಧಿಗಳಲ್ಲಿ ಹ್ಯಾಲೋಪೆರಿಡಾಲ್ ತೂಕದ ಮಟ್ಟಿಗೆ ಸೌಮ್ಯ, ಕ್ಲೋರ್‌ಪ್ರೊಮಜೀನ್ ಅಲ್ಲ.

ಸರಾಸರಿಯನ್ನು ನಂಬಿ ಕೂರುವಂತಿಲ್ಲ. ಹಲವು ಆಂಟಿಸೈಕೋಟಿಕ್‌ಗಳನ್ನು ಹೋಲಿಸಿ 2005ರಲ್ಲಿ ಪ್ರಕಟವಾದ ಅಮೆರಿಕದ ಕ್ಯಾಟೀ ಎಂಬ ಅಧ್ಯಯನದಲ್ಲಿ ಓಲಾಂಜಪಿನ್ ತೆಗೆದುಕೊಂಡವರಲ್ಲಿ ನೂರಕ್ಕೆ 30 ಮಂದಿಯ ತೂಕ ಶೇ. 7ಕ್ಕಿಂತ ಹೆಚ್ಚು ಏರಿತು. ಉಳಿದ ಔಷಧಿಗಳಲ್ಲಿ ಆ ಪ್ರಮಾಣ ಶೇ. 7ರಿಂದ 16. ಅಂದರೆ ‘ಹೆಚ್ಚು ತೂಕದ’ ಮಾತ್ರೆಯಲ್ಲೂ ಅಷ್ಟು ಏರದವರಿದ್ದಾರೆ, ‘ಕಡಿಮೆ ತೂಕದ’ ಮಾತ್ರೆಯಲ್ಲೂ ಏರಿದವರಿದ್ದಾರೆ. ಅದರಲ್ಲೂ ಮೊದಲ ಬಾರಿ ಮಾತ್ರೆ ತೆಗೆದುಕೊಳ್ಳುವವರಲ್ಲಿ, ತೆಳ್ಳಗಿರುವವರಲ್ಲಿ, ಮಕ್ಕಳು ಮತ್ತು ಹದಿಹರೆಯದವರಲ್ಲಿ ಏರಿಕೆ ಜೋರು. 2009ರ ಒಂದು ಅಧ್ಯಯನದಲ್ಲಿ ಮೊದಲ ಸಲ ಈ ಮಾತ್ರೆ ಪಡೆದ 4ರಿಂದ 19 ವರ್ಷದವರನ್ನು ಸುಮಾರು 11 ವಾರ ಗಮನಿಸಿದರು. ಓಲಾಂಜಪಿನ್ ಪಡೆದವರು 8.5 ಕೆ.ಜಿ., ಕ್ವೆಟಿಯಪಿನ್ 6.1, ರಿಸ್ಪೆರಿಡೋನ್ 5.3, ಅರಿಪಿಪ್ರಜೋಲ್ 4.4 ಕೆ.ಜಿ. ಏರಿದ್ದರು. ಮಾತ್ರೆ ಇಲ್ಲದವರು ಏರಿದ್ದು 0.2 ಕೆ.ಜಿ. ವಯಸ್ಕರಲ್ಲಿ ‘ಸೇಫ್’ ಎನಿಸಿಕೊಂಡ ಅರಿಪಿಪ್ರಜೋಲ್ ಕೂಡ ಮಕ್ಕಳಲ್ಲಿ ಅಷ್ಟು ಸೇಫ್ ಅಲ್ಲ ಎಂಬುದು ಪೋಷಕರು ಗಮನಿಸಬೇಕಾದ ವಿಷಯ.

ನಿದ್ದೆ ಬರಲೆಂದು ಮಾತ್ರ ರಾತ್ರಿ 25 ಅಥವಾ 50 ಮಿ.ಗ್ರಾಂ. ಕ್ವೆಟಿಯಪಿನ್ ತೆಗೆದುಕೊಳ್ಳುವವರೂ ಇದ್ದಾರೆ. ಡೋಸ್ ಚಿಕ್ಕದು ಎಂದ ಮಾತ್ರಕ್ಕೆ ಅದು ನಿರಪಾಯವಲ್ಲ. ನಿದ್ದೆ ತರಿಸುವ ಗುಣವೂ ಹಸಿವು ಹೆಚ್ಚಿಸುವ ಗುಣವೂ ಆ ಚಿಕ್ಕ ಡೋಸಿನಲ್ಲೇ ಕೆಲಸ ಶುರು ಮಾಡುತ್ತವೆ. ತಿಂಗಳಿಗೊಮ್ಮೆ ಕೊಡುವ ಡಿಪೋ ಇಂಜೆಕ್ಷನ್‌ಗೂ ಇದೇ ಮಾತು: ಔಷಧಿ ಒಂದೇ ಆದ್ದರಿಂದ ತೊಂದರೆಯೂ ಅದೇ, ಮತ್ತು ಒಮ್ಮೆ ಚುಚ್ಚಿದ ಮೇಲೆ ಮೈಯಿಂದ ಇಳಿಯಲು ವಾರಗಟ್ಟಲೆ ಬೇಕು. ಮನಸ್ಥಿತಿಯ ಏರಿಳಿತಕ್ಕೆ ಕೊಡುವ ವಾಲ್‌ಪ್ರೊಯೇಟ್, ಲಿಥಿಯಂ ಅಥವಾ ಖಿನ್ನತೆಗೆ ಕೊಡುವ ಮಿರ್ಟಾಜಪಿನ್ ಜೊತೆಗಿದ್ದರೆ ತೂಕದ ಹೊರೆ ಕೂಡುತ್ತದೆ.

ಈ ಹಸಿವು ಎಲ್ಲಿಂದ ಬರುತ್ತದೆ

ಈ ಮಾತ್ರೆಗಳ ಮುಖ್ಯ ಕೆಲಸ ಮೆದುಳಿನ ಡೋಪಮಿನ್ ಡಿ2 ಗ್ರಾಹಕಗಳನ್ನು, ಅಂದರೆ ಡೋಪಮಿನ್ ಎಂಬ ರಾಸಾಯನಿಕದ ಸಂದೇಶವನ್ನು ಜೀವಕೋಶಗಳು ಪಡೆಯುವ ತಾಣಗಳನ್ನು, ತಡೆಹಿಡಿಯುವುದು. ಆದರೆ ಒಂದೊಂದು ಅಣುವೂ ಇನ್ನೂ ಹತ್ತಾರು ಗ್ರಾಹಕಗಳಿಗೆ ಅಂಟಿಕೊಳ್ಳುತ್ತದೆ. ತೂಕದ ವಿಷಯದಲ್ಲಿ ಮೂರು ಹೆಸರುಗಳನ್ನು ಮುಖ್ಯವಾಗಿ ತಿಳಿದಿರಬೇಕು.

ಮೊದಲನೆಯದು ಹಿಸ್ಟಮಿನ್ ಎಚ್1. ಮೆದುಳಿನ ಹೈಪೋಥಲಾಮಸ್ ಎಂಬ ಭಾಗದಲ್ಲಿ ಹಿಸ್ಟಮಿನ್ ‘ಸಾಕು, ಹೊಟ್ಟೆ ತುಂಬಿತು’ ಎಂಬ ಸಂದೇಶಕ್ಕೆ ನೆರವಾಗುತ್ತದೆ. ಕ್ಲೋಜಪಿನ್ ಮತ್ತು ಓಲಾಂಜಪಿನ್ ಎಚ್1 ಅನ್ನು ಬಲವಾಗಿ ತಡೆಯುತ್ತವೆ. ಯಾವ ಮಾತ್ರೆ ಎಷ್ಟು ತೂಕ ಏರಿಸುತ್ತದೆ ಎಂಬುದಕ್ಕೆ ಅದು ಎಚ್1ಗೆ ಎಷ್ಟು ಗಟ್ಟಿಯಾಗಿ ಅಂಟುತ್ತದೆ ಎಂಬುದೇ ಒಳ್ಳೆಯ ಸೂಚಕ. ಎರಡನೆಯದು ಸಿರೊಟೋನಿನ್ 5ಎಚ್‌ಟಿ2ಸಿ. ಇದೂ ಹಸಿವಿಗೆ ಕಡಿವಾಣ ಹಾಕುವ ಗ್ರಾಹಕವೇ. ಈ ಗ್ರಾಹಕದ ಜೀನ್‌ನಲ್ಲಿ ಜನರ ನಡುವೆ ಇರುವ ಸಣ್ಣ ವ್ಯತ್ಯಾಸಗಳು, ಒಂದೇ ಮಾತ್ರೆಗೆ ಒಬ್ಬರು ಎರಡು ಕೆ.ಜಿ., ಇನ್ನೊಬ್ಬರು ಇಪ್ಪತ್ತು ಕೆ.ಜಿ. ಏರುವುದಕ್ಕೆ ಒಂದು ಕಾರಣ. ಮೂರನೆಯದು ಮಸ್ಕರಿನಿಕ್ ಎಂ3. ಇದು ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳ ಮೇಲಿದೆ. ಊಟ ಮಾಡಿದಾಗ ಇನ್ಸುಲಿನ್ ಹೊರಬರಲು ನರಗಳು ಕೊಡುವ ಸೂಚನೆ ಇದರ ಮೂಲಕ ಹೋಗುತ್ತದೆ. ಇದನ್ನು ತಡೆದರೆ ಇನ್ಸುಲಿನ್ ಬರಬೇಕಾದ ಹೊತ್ತಿಗೆ ಬರುವುದಿಲ್ಲ.

ಈ ಮೂರನೆಯ ಕಾರಣದಿಂದಲೇ ಒಂದು ವಿಷಯವನ್ನು ಒತ್ತಿ ಹೇಳಬೇಕು: ತೂಕ ಏರದವರಲ್ಲೂ ಶುಗರ್ ಏರಬಹುದು. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮಾನಸಿಕ ಕಾಯಿಲೆಯೇ ಇಲ್ಲದ ಆರೋಗ್ಯವಂತರಿಗೆ 9 ದಿನ ಓಲಾಂಜಪಿನ್ ಕೊಟ್ಟರು. ತೂಕದಲ್ಲಿ ಲೆಕ್ಕಕ್ಕೆ ಬರುವ ಬದಲಾವಣೆ ಇರಲಿಲ್ಲ, ಆದರೆ ಇನ್ಸುಲಿನ್‌ಗೆ ಮೈ ಸ್ಪಂದಿಸುವ ಶಕ್ತಿ ಆಗಲೇ ಕುಗ್ಗಿತ್ತು. ಹಾಗಾಗಿ ‘ಇವರು ತೆಳ್ಳಗಿದ್ದಾರೆ, ಶುಗರ್ ಟೆಸ್ಟ್ ಯಾಕೆ’ ಎನ್ನುವುದು ತಪ್ಪು.

ಅನುಭವದಲ್ಲಿ ಈ ಹಸಿವು ಮಾಮೂಲಿ ಹಸಿವಿನಂತೆ ಇರುವುದಿಲ್ಲ. ಊಟವಾಗಿ ಅರ್ಧ ಗಂಟೆಗೆ ಮತ್ತೆ ತಿನ್ನಬೇಕೆನಿಸುತ್ತದೆ. ಹೊಟ್ಟೆ ಭಾರವಾಗಿದ್ದರೂ ತೃಪ್ತಿ ಬರುವುದಿಲ್ಲ. ಸಿಹಿ, ಕರಿದದ್ದು, ಹಿಟ್ಟಿನ ತಿಂಡಿ ಬೇಕೆನಿಸುತ್ತದೆ. ರಾತ್ರಿ ಮಾತ್ರೆ ನುಂಗಿ ಒಂದೆರಡು ಗಂಟೆಯಾದಾಗ ಇದು ಹೆಚ್ಚು. ಕೆಲವರು ನಿದ್ದೆಗಣ್ಣಲ್ಲೇ ಎದ್ದು ಅಡುಗೆಮನೆಗೆ ಹೋಗುತ್ತಾರೆ. ಮೇಲಿಂದ ಮಂಪರು, ಮೈ ಆಡುವುದು ಕಡಿಮೆ. ಮನೆಯವರು ಇದನ್ನು ನಾಲಿಗೆ ಚಪಲ, ಸೋಮಾರಿತನ ಎಂದು ಬೈಯುವುದುಂಟು. ಹಾಗೆ ಬೈದದ್ದರಿಂದ ತಟ್ಟೆಯಲ್ಲಿ ಒಂದು ತುತ್ತೂ ಕಡಿಮೆಯಾಗುವುದಿಲ್ಲ. ಆಗುವುದೆಂದರೆ, ಬೈಸಿಕೊಂಡವರು ಬಚ್ಚಿಟ್ಟು ತಿನ್ನಲು ಕಲಿಯುತ್ತಾರೆ ಅಥವಾ ಯಾರಿಗೂ ಹೇಳದೆ ಮಾತ್ರೆ ಬಿಡುತ್ತಾರೆ.

ಬಾಯಿ ಒಣಗುವುದು ಇನ್ನೊಂದು ಸದ್ದಿಲ್ಲದ ಕಾರಣ. ಈ ಮಾತ್ರೆಗಳಲ್ಲಿ ಕೆಲವು ಜೊಲ್ಲನ್ನು ಕಡಿಮೆ ಮಾಡುತ್ತವೆ, ಬಾಯಾರಿಕೆ ತರುತ್ತವೆ. ಅದಕ್ಕೆ ಸೋಡಾ, ಪ್ಯಾಕೆಟ್ ಜ್ಯೂಸ್, ಸಕ್ಕರೆ ಹಾಕಿದ ಚಹಾ ಕುಡಿಯುವವರು ದಿನಕ್ಕೆ ನೂರಾರು ಕ್ಯಾಲೊರಿಯನ್ನು ತಿಂದ ಲೆಕ್ಕಕ್ಕೇ ಸೇರಿಸಿರುವುದಿಲ್ಲ. ಅರ್ಧ ಲೀಟರ್ ಸಿಹಿ ಸೋಡಾದಲ್ಲಿ ಸುಮಾರು 50 ಗ್ರಾಂ ಸಕ್ಕರೆ, ಅಂದರೆ 200 ಕ್ಯಾಲೊರಿ. ಇಡೀ ಆಹಾರಕ್ರಮವನ್ನು ಬದಲಿಸಲು ಆಗದವರು ಈ ಒಂದನ್ನು ಬಿಟ್ಟು ನೀರು, ಸಕ್ಕರೆರಹಿತ ಚ್ಯೂಯಿಂಗ್ ಗಮ್‌ಗೆ ಬಂದರೂ ವ್ಯತ್ಯಾಸ ಕಾಣುತ್ತದೆ.

ಏನನ್ನು, ಯಾವಾಗ, ಹೇಗೆ ಅಳೆಯಬೇಕು

2004ರಲ್ಲಿ ಅಮೆರಿಕದ ಡಯಾಬಿಟಿಸ್ ಮತ್ತು ಮನೋವೈದ್ಯರ ಸಂಘಗಳು ಸೇರಿ ಒಂದು ವೇಳಾಪಟ್ಟಿ ಕೊಟ್ಟವು. ಜಗತ್ತಿನ ಬಹುತೇಕ ಮಾರ್ಗಸೂಚಿಗಳು ಇವತ್ತಿಗೂ ಅದರ ಆಸುಪಾಸಿನಲ್ಲೇ ಇವೆ. ಮಾತ್ರೆ ಶುರು ಮಾಡುವ ಮೊದಲು ತೂಕ, ಹೊಟ್ಟೆ ಸುತ್ತಳತೆ, ಬಿಪಿ, ಖಾಲಿ ಹೊಟ್ಟೆಯ ಶುಗರ್, ಕೊಲೆಸ್ಟರಾಲ್ ಮತ್ತು ಟ್ರೈಗ್ಲಿಸರೈಡ್ ನೋಡಬೇಕು. ಮನೆತನದಲ್ಲಿ ಮಧುಮೇಹ, ಹೃದಯಾಘಾತ ಇದೆಯೇ ಎಂದು ಕೇಳಬೇಕು. ತೂಕವನ್ನು 4, 8, 12ನೇ ವಾರದಲ್ಲಿ, ಆಮೇಲೆ ಮೂರು ತಿಂಗಳಿಗೊಮ್ಮೆ. ಬಿಪಿ, ಶುಗರ್, ಕೊಬ್ಬು 12ನೇ ವಾರದಲ್ಲಿ ಮತ್ತೆ. ಅಲ್ಲಿಂದ ಮುಂದೆ ಬಿಪಿ, ಶುಗರ್ ವರ್ಷಕ್ಕೊಮ್ಮೆ. ಕೊಬ್ಬಿನ ಪರೀಕ್ಷೆ ಐದು ವರ್ಷಕ್ಕೊಮ್ಮೆ ಎಂದು ಆಗ ಹೇಳಿದ್ದರು. ಅದು ತೀರಾ ದೂರವಾಯಿತು, ಶುಗರ್ ಜೊತೆಗೇ ವರ್ಷಕ್ಕೊಮ್ಮೆ ಮಾಡಿಸುವುದು ಒಳ್ಳೆಯದು.

ಮನೆಯಲ್ಲಿ ತೂಕವನ್ನು ಮೊದಲ ಆರರಿಂದ ಎಂಟು ವಾರ ವಾರಕ್ಕೊಮ್ಮೆ ನೋಡಿ ಬರೆದಿಡುವುದು ಉತ್ತಮ. ಅದೇ ತೂಕದ ಯಂತ್ರ, ವಾರದ ಅದೇ ದಿನ, ಬೆಳಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮೊದಲು, ಹಗುರ ಬಟ್ಟೆಯಲ್ಲಿ. ದಿನವೂ ನೋಡಿದರೆ ನೀರಿನ ಏರಿಳಿತ ನೋಡಿ ಗಾಬರಿಯಾಗುತ್ತದೆ, ಬೇಡ. ಮೊದಲ ತಿಂಗಳಲ್ಲಿ ತೂಕ ಶೇ. 5 ದಾಟಿದರೆ ಅದು ಕೆಂಪು ಗುರುತು. 60 ಕೆ.ಜಿ. ಇದ್ದವರಿಗೆ 3 ಕೆ.ಜಿ., 80 ಕೆ.ಜಿ. ಇದ್ದವರಿಗೆ 4 ಕೆ.ಜಿ. ಮೊದಲ ತಿಂಗಳಲ್ಲಿ ಹೀಗೆ ಏರಿದವರೇ ವರ್ಷ ತುಂಬುವ ಹೊತ್ತಿಗೆ ಬಹಳ ಏರಿರುವ ಸಾಧ್ಯತೆ ಹೆಚ್ಚು. ಹಾಗಾಗಿ ‘ಮುಂದಿನ ಸಲ ನೋಡೋಣ’ ಎನ್ನದೆ ಆಗಲೇ ವೈದ್ಯರ ಜೊತೆ ಮಾತಾಡಬೇಕು.

ಹೊಟ್ಟೆಯ ಸುತ್ತಳತೆಯನ್ನು ಬಹಳ ಜನ ತಪ್ಪಾಗಿ ತೆಗೆಯುತ್ತಾರೆ. ಪ್ಯಾಂಟಿನ ಸೊಂಟದ ಸೈಜು ಲೆಕ್ಕಕ್ಕೆ ಬರುವುದಿಲ್ಲ. ಅದು ಹೊಟ್ಟೆಯ ಕೆಳಗೆ ಜಾರಿ ಕೂತಿರುತ್ತದೆ. ಪಕ್ಕೆಯಲ್ಲಿ ಕೈಗೆ ಸಿಗುವ ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುಮಧ್ಯದಲ್ಲಿ ಟೇಪನ್ನು ಬರಿ ಮೈಗೆ, ನೆಲಕ್ಕೆ ಸಮಾನಾಂತರವಾಗಿ ಸುತ್ತಬೇಕು. ಹೊಟ್ಟೆ ಒಳಗೆಳೆದುಕೊಳ್ಳದೆ, ಮಾಮೂಲಿಯಾಗಿ ಉಸಿರು ಬಿಟ್ಟ ಕೊನೆಯಲ್ಲಿ ಓದಬೇಕು. ಟೇಪು ಚರ್ಮವನ್ನು ಒತ್ತಬಾರದು. ದಕ್ಷಿಣ ಏಷ್ಯಾ ಮೂಲದವರಿಗೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮಿತಿ, ಯೂರೋಪ್ ಮೂಲದ ಗಂಡಸರಿಗೆ 94. ಮಿತಿ ಬೇರೆ ಬೇರೆ ಯಾಕೆಂದರೆ ಕಡಿಮೆ ತೂಕದಲ್ಲೇ ಮಧುಮೇಹ ಬರುವ ಪ್ರವೃತ್ತಿ ಕೆಲವು ಜನಸಮುದಾಯಗಳಲ್ಲಿ ಹೆಚ್ಚು.

ಉಳಿದ ಅಂಕಿಗಳು ಹೀಗಿವೆ. ಖಾಲಿ ಹೊಟ್ಟೆಯ ಶುಗರ್ 100ರಿಂದ 125 ಇದ್ದರೆ ಮಧುಮೇಹದ ಹೊಸ್ತಿಲು, 126 ಅಥವಾ ಮೇಲೆ ಮಧುಮೇಹ. ಕೆಲವು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ ಎಚ್‌ಬಿಎ1ಸಿ 5.7ರಿಂದ 6.4 ಹೊಸ್ತಿಲು, 6.5ರಿಂದ ಮಧುಮೇಹ. ಟ್ರೈಗ್ಲಿಸರೈಡ್ 150 ದಾಟಬಾರದು. 500 ದಾಟಿದರೆ ಮೇದೋಜೀರಕ ಗ್ರಂಥಿಯ ಉರಿಯೂತದ ಭಯವಿದೆ. ಬಿಪಿ 130/85ರ ಕೆಳಗಿರಲಿ. ಈ ಮಾತ್ರೆಗಳು ‘ಕೆಟ್ಟ ಕೊಲೆಸ್ಟರಾಲ್’ ಎನ್ನುವ ಎಲ್‌ಡಿಎಲ್‌ಗಿಂತ ಟ್ರೈಗ್ಲಿಸರೈಡನ್ನೇ ಹೆಚ್ಚು ಏರಿಸುವುದರಿಂದ, ‘ಟೋಟಲ್ ಕೊಲೆಸ್ಟರಾಲ್ ನಾರ್ಮಲ್ ಇದೆ’ ಎಂಬ ಒಂದು ಸಾಲು ನೋಡಿ ರಿಪೋರ್ಟು ಮಡಚಿಡಬಾರದು.

ಎಚ್‌ಬಿಎ1ಸಿ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಡವಾದ್ದರಿಂದ ಅನುಕೂಲ ನಿಜ. ಆದರೆ ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿ. ಮಾತ್ರೆ ಶುರುವಾಗಿ ಮೂರೇ ವಾರದಲ್ಲಿ ಶುಗರ್ ಸರ್ರನೆ ಏರಿದ್ದರೆ ಅದರಲ್ಲಿ ಪೂರ್ತಿ ಕಾಣದು. ರಕ್ತಹೀನತೆ ಇದ್ದವರಲ್ಲೂ ಅದು ದಾರಿ ತಪ್ಪಿಸಬಹುದು. ಆರಂಭದ ವಾರಗಳಲ್ಲಿ ಖಾಲಿ ಹೊಟ್ಟೆಯ ಶುಗರೇ ನಂಬಿಕಸ್ತ.

ಅಪರೂಪ, ಆದರೆ ಕೈತಪ್ಪಬಾರದ ಅಪಾಯ

ಕೆಲವರಲ್ಲಿ, ಅದರಲ್ಲೂ ಕ್ಲೋಜಪಿನ್ ಅಥವಾ ಓಲಾಂಜಪಿನ್ ಶುರುವಾದ ಮೊದಲ ತಿಂಗಳುಗಳಲ್ಲಿ, ಮಧುಮೇಹ ನಿಧಾನಕ್ಕೆ ಬರದೆ ಒಮ್ಮೆಲೇ ಕೀಟೋಆಸಿಡೋಸಿಸ್ ಆಗಿ ಬರುತ್ತದೆ. ರಕ್ತ ಆಮ್ಲೀಯವಾಗುತ್ತದೆ, ಚಿಕಿತ್ಸೆ ಸಿಗದಿದ್ದರೆ ಜೀವ ಹೋಗುತ್ತದೆ. ತೂಕ ಏರದವರಲ್ಲೂ ಇದು ಆಗಿದೆ. ಇದರ ಲಕ್ಷಣಗಳು: ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಏರುತ್ತಿದ್ದ ತೂಕ ಇದ್ದಕ್ಕಿದ್ದಂತೆ ಇಳಿಯುವುದು, ವಾಂತಿ, ಹೊಟ್ಟೆನೋವು, ಆಳವಾದ ಜೋರು ಉಸಿರು, ಬಾಯಿಂದ ಹಣ್ಣಿನಂಥ ವಾಸನೆ, ಕೊನೆಗೆ ಮಂಕು ಮತ್ತು ಗೊಂದಲ.

ಇಲ್ಲಿ ಎಡವುವುದು ಸುಲಭ. ಸ್ಕಿಜೋಫ್ರೇನಿಯಾ ಇರುವ ಕೆಲವರು ಕಾಯಿಲೆಯ ಭಾಗವಾಗಿಯೇ ಲೀಟರುಗಟ್ಟಲೆ ನೀರು ಕುಡಿಯುತ್ತಾರೆ. ಹಾಗಾಗಿ ಬಾಯಾರಿಕೆಯನ್ನು ಹಳೆಯ ಅಭ್ಯಾಸ ಎಂದುಕೊಳ್ಳುತ್ತಾರೆ. ಗೊಂದಲ ಕಂಡರೆ ಮಾನಸಿಕ ಕಾಯಿಲೆ ಮರುಕಳಿಸಿದೆ ಎಂದುಕೊಂಡು, ಅದೇ ಮಾತ್ರೆಯ ಡೋಸ್ ಹೆಚ್ಚಿಸುವ ಮಾತಾಡುತ್ತಾರೆ. ತೂಕ ಇಳಿದರೆ ಸಂತೋಷಪಡುತ್ತಾರೆ. ಗ್ಲುಕೋಮೀಟರ್‌ನಲ್ಲಿ ಬೆರಳಿಗೆ ಒಂದು ಚುಚ್ಚು ಚುಚ್ಚಿ ನೋಡಿದರೆ ಒಂದು ನಿಮಿಷದಲ್ಲಿ ಸತ್ಯ ಹೊರಬರುತ್ತದೆ. ಮೇಲಿನ ಲಕ್ಷಣಗಳ ಜೊತೆ ಯಾವುದೇ ಹೊತ್ತಿನ ಶುಗರ್ 200 ದಾಟಿದ್ದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು, ತೆಗೆದುಕೊಳ್ಳುತ್ತಿರುವ ಮಾತ್ರೆಯ ಹೆಸರನ್ನು ಅಲ್ಲಿ ಹೇಳಬೇಕು.

ತಡೆಯುವ ದಾರಿಗಳು

‘ಕಡಿಮೆ ತಿನ್ನಿ, ಹೆಚ್ಚು ನಡೆಯಿರಿ’ ಎಂಬ ಉಪದೇಶದಿಂದ ಏನೂ ಆಗದು. ಆದರೆ ಜೊತೆಗೆ ನಿಂತು ಮಾಡಿಸಿದರೆ ಆಗುತ್ತದೆ. ಸಿಡ್ನಿಯಲ್ಲಿ ಮೊದಲ ಬಾರಿ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಸ್ಥಿತಿ) ಬಂದ ಯುವಜನರಿಗೆ ಮಾತ್ರೆ ಶುರುವಾದ ಹೊತ್ತಿನಿಂದಲೇ ಡಯಟಿಶಿಯನ್, ವ್ಯಾಯಾಮ ತಜ್ಞ, ನರ್ಸ್ ಒಟ್ಟಾಗಿ 12 ವಾರ ನೆರವಾದರು. ಆ ಗುಂಪು ಸರಾಸರಿ 1.8 ಕೆ.ಜಿ. ಏರಿತು; ಮಾಮೂಲಿ ಚಿಕಿತ್ಸೆಯ ಗುಂಪು 7.8 ಕೆ.ಜಿ. ಅಧ್ಯಯನ ಚಿಕ್ಕದಾದರೂ ದಾರಿ ಸ್ಪಷ್ಟವಾಗಿದೆ: ಬೇಗ ಶುರು ಮಾಡಬೇಕು, ಒಬ್ಬರೇ ಹೋರಾಡುವಂತೆ ಬಿಡಬಾರದು.

ಮನೆಯಲ್ಲಿ ಮಾಡಬಹುದಾದದ್ದು ಹಸಿವಿನ ಸ್ವಭಾವಕ್ಕೆ ಹೊಂದಬೇಕು. ತೃಪ್ತಿಯ ಸಂದೇಶ ತಡವಾಗಿ ಬರುವುದರಿಂದ ಮೊದಲ ಸಲ ಬಡಿಸಿಕೊಂಡದ್ದು ಮುಗಿದ ಮೇಲೆ 20 ನಿಮಿಷ ಕಾದು ನೋಡುವುದು, ಪ್ರತಿ ಊಟದಲ್ಲೂ ಪ್ರೋಟೀನ್ ಮತ್ತು ನಾರಿನಂಶ ಮೊದಲು ತಿನ್ನುವುದು, ರಾತ್ರಿಯ ಹಸಿವಿಗೆಂದೇ ಅಳತೆಯ ಒಂದು ತಿಂಡಿಯನ್ನು ಮೊದಲೇ ತೆಗೆದಿಡುವುದು. ಮನೆಯಲ್ಲಿ ಕರಿದ ತಿಂಡಿ, ಸಿಹಿ ಇಲ್ಲದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಪರಿಣಾಮಕಾರಿ. ಆಗ ಇಚ್ಛಾಶಕ್ತಿಯ ಪರೀಕ್ಷೆಯೇ ಇರುವುದಿಲ್ಲ, ಮತ್ತು ನಿಯಮ ಒಬ್ಬರಿಗಲ್ಲ ಮನೆಗೆಲ್ಲ ಆಗುತ್ತದೆ. ಬೆಳಗಿನ ಮಂಪರು ಇಳಿದ ಮೇಲೆ, ಮಧ್ಯಾಹ್ನ ಅಥವಾ ಸಂಜೆ ಯಾರಾದರೂ ಜೊತೆಗೆ ಹೋಗಿ ನಡೆದರೆ ಅದು ಉಳಿಯುತ್ತದೆ. ಬೆಳಗ್ಗೆ ಐದಕ್ಕೆ ಎಬ್ಬಿಸಿ ಓಡಿಸಲು ಹೋದರೆ ಮೂರನೇ ದಿನಕ್ಕೆ ನಿಲ್ಲುತ್ತದೆ.

ಔಷಧಿಗಳಲ್ಲಿ ಹೆಚ್ಚು ಅಧ್ಯಯನವಾಗಿರುವುದು ಮೆಟ್‌ಫಾರ್ಮಿನ್. ಮಧುಮೇಹದ ಈ ಹಳೆಯ ಮಾತ್ರೆಯನ್ನು ಶುಗರ್ ಇಲ್ಲದವರಿಗೂ ತೂಕ ತಡೆಯಲು ಕೊಡುತ್ತಾರೆ. ಅದೊಂದರಿಂದಲೇ ಶುಗರ್ ತೀರಾ ಕುಸಿಯುವುದು ಅಪರೂಪ. 2008ರ ಒಂದು ಪ್ರಯೋಗದಲ್ಲಿ, ಆಂಟಿಸೈಕೋಟಿಕ್ ಮಾತ್ರೆಯಿಂದ ತೂಕ ಏರಿದ್ದವರಿಗೆ ದಿನಕ್ಕೆ 750 ಮಿ.ಗ್ರಾಂ. ಮೆಟ್‌ಫಾರ್ಮಿನ್ ಕೊಟ್ಟು 12 ವಾರ ನೋಡಿದರು. ಜೀವನಶೈಲಿಯ ಬದಲಾವಣೆಯೂ ಸೇರಿದವರಲ್ಲಿ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 1.8 ಇಳಿಯಿತು, ಮೆಟ್‌ಫಾರ್ಮಿನ್ ಮಾತ್ರ ಪಡೆದವರಲ್ಲಿ 1.2, ಜೀವನಶೈಲಿ ಮಾತ್ರ ಬದಲಿಸಿದವರಲ್ಲಿ 0.5, ಎರಡೂ ಇಲ್ಲದವರಲ್ಲಿ 1.2 ಏರಿತು. ತೂಕ ಏರಿದ ಮೇಲೆ ಕೊಡುವುದಕ್ಕಿಂತ, ಓಲಾಂಜಪಿನ್ ಅಥವಾ ಕ್ಲೋಜಪಿನ್ ಶುರು ಮಾಡುವಾಗಲೇ ಜೊತೆಗೆ ಕೊಡಬೇಕು ಎಂಬ ಅಭಿಪ್ರಾಯ ಈಚಿನ ಮಾರ್ಗಸೂಚಿಗಳಲ್ಲಿ ಬಲವಾಗಿದೆ. ಅದೇ ಸರಿಯಾದ ದಾರಿ. ಏನು ಏರುತ್ತದೆ ಎಂದು ಮೊದಲೇ ಗೊತ್ತಿರುವಾಗ ಏರುವವರೆಗೆ ಕಾಯುವುದರಲ್ಲಿ ಅರ್ಥವಿಲ್ಲ.

ಇದನ್ನು ವೈದ್ಯರು ಸಾಮಾನ್ಯವಾಗಿ ದಿನಕ್ಕೆ 500 ಮಿ.ಗ್ರಾಂ.ನಿಂದ, ಊಟದ ಜೊತೆ ಶುರು ಮಾಡಿ, ಒಂದೆರಡು ವಾರಕ್ಕೊಮ್ಮೆ 500ರಂತೆ ಏರಿಸಿ 1000ರಿಂದ 2000 ಮಿ.ಗ್ರಾಂ.ಗೆ ತರುತ್ತಾರೆ. ಅವಸರದಲ್ಲಿ ಏರಿಸಿದರೆ ಭೇದಿ, ವಾಕರಿಕೆ ಬಂದು ಜನ ಬಿಟ್ಟುಬಿಡುತ್ತಾರೆ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯಲ್ಲಿ ಇದು ಕಡಿಮೆ. ಶುರು ಮಾಡುವ ಮೊದಲು ಕಿಡ್ನಿ ಪರೀಕ್ಷೆ ಬೇಕು, ಕಿಡ್ನಿ ಎಷ್ಟು ಚೆನ್ನಾಗಿ ರಕ್ತ ಶೋಧಿಸುತ್ತಿದೆ ಎಂದು ತೋರಿಸುವ ಇಜಿಎಫ್‌ಆರ್ 30ಕ್ಕಿಂತ ಕಡಿಮೆ ಇದ್ದರೆ ಕೊಡುವಂತಿಲ್ಲ. ವಾಂತಿ ಭೇದಿಯಿಂದ ನಿರ್ಜಲೀಕರಣವಾದಾಗ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತದೆ. ವರ್ಷಗಟ್ಟಲೆ ತೆಗೆದುಕೊಳ್ಳುವವರು ಬಿ12 ಮಟ್ಟ ನೋಡಿಸಿಕೊಳ್ಳಬೇಕು. ವಿಪರೀತ ಮದ್ಯಪಾನ ಇದ್ದವರಿಗೆ ಇದು ಸಲ್ಲದು.

ಕರುಳಿನ ಒಂದು ಹಾರ್ಮೋನಿನಂತೆ ಕೆಲಸ ಮಾಡಿ ಹಸಿವು ತಗ್ಗಿಸುವ ಲಿರಾಗ್ಲುಟೈಡ್, ಸೆಮಾಗ್ಲುಟೈಡ್‌ನಂಥ ಜಿಎಲ್‌ಪಿ-1 ಇಂಜೆಕ್ಷನ್‌ಗಳು ಇನ್ನೂ ಬಲವಾದವು. 2017ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಪ್ರಯೋಗದಲ್ಲಿ, ಕ್ಲೋಜಪಿನ್ ಅಥವಾ ಓಲಾಂಜಪಿನ್ ಮೇಲಿದ್ದ ಮಧುಮೇಹದ ಹೊಸ್ತಿಲಿನವರಿಗೆ 16 ವಾರ ಲಿರಾಗ್ಲುಟೈಡ್ ಕೊಟ್ಟಾಗ ಹುಸಿಮದ್ದಿನ ಗುಂಪಿಗಿಂತ ತೂಕ 5.3 ಕೆ.ಜಿ. ಕಡಿಮೆಯಾಯಿತು, ಸುಮಾರು ಮೂರರಲ್ಲಿ ಎರಡು ಪಾಲು ಜನರ ಶುಗರ್ ಸಹಜಕ್ಕೆ ಬಂತು. ನಿಲ್ಲಿಸಿದರೆ ತೂಕ ಮರಳುತ್ತದೆ ಎಂಬುದು ಇದರ ಮಿತಿ. ಕ್ಲೋಜಪಿನ್ ಜೊತೆ ಒಂದು ವಿಶೇಷ ಎಚ್ಚರಿಕೆಯೂ ಬೇಕು. ಕ್ಲೋಜಪಿನ್ ಕರುಳಿನ ಚಲನೆಯನ್ನೇ ನಿಧಾನಿಸಿ ಪ್ರಾಣಾಪಾಯದ ಮಲಬದ್ಧತೆ ತರಬಲ್ಲದು. ಈ ಇಂಜೆಕ್ಷನ್‌ಗಳೂ ಜೀರ್ಣಾಂಗವನ್ನು ನಿಧಾನಿಸುತ್ತವೆ. ಎರಡೂ ಇದ್ದಾಗ ಎಷ್ಟು ದಿನಕ್ಕೊಮ್ಮೆ ಮಲ ಹೋಗುತ್ತದೆ ಎಂದು ನಾಚಿಕೆಯಿಲ್ಲದೆ ಕೇಳಬೇಕು, ಬರೆದಿಡಬೇಕು. ಓಲಾಂಜಪಿನ್ ಜೊತೆ, ಓಪಿಯಾಯ್ಡ್ ಗ್ರಾಹಕಗಳನ್ನು ತಡೆಯುವ ಸಾಮಿಡಾರ್ಫಾನ್ ಎಂಬ ಔಷಧಿ ಸೇರಿಸಿದ ಮಾತ್ರೆಗೆ 2021ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ತೂಕದ ಏರಿಕೆ ಸ್ವಲ್ಪ ಕಡಿಮೆ, ಆದರೆ ಮಾರ್ಫಿನ್‌ನಂಥ ಓಪಿಯಾಯ್ಡ್ ನೋವುನಿವಾರಕ ತೆಗೆದುಕೊಳ್ಳುವವರಿಗೆ ಅದು ಆಗದು. ಕೊಲೆಸ್ಟರಾಲ್, ಬಿಪಿ ಏರಿದ್ದರೆ ಎಲ್ಲರಿಗೂ ಕೊಡುವ ಸ್ಟಾಟಿನ್, ಬಿಪಿ ಮಾತ್ರೆಗಳನ್ನೇ ಕೊಡಬೇಕು. ಮಾನಸಿಕ ಕಾಯಿಲೆ ಇದೆ ಎಂಬ ಕಾರಣಕ್ಕೆ ಅವನ್ನು ತಪ್ಪಿಸುವುದು ಅನ್ಯಾಯ.

ಸಿಗರೇಟು ಬಿಡುವವರು ಒಂದು ವಿಷಯ ತಿಳಿದಿರಲೇಬೇಕು. ಹೃದಯದ ದೃಷ್ಟಿಯಿಂದ ಬಿಡುವಷ್ಟು ಒಳ್ಳೆಯ ಕೆಲಸ ಬೇರೊಂದಿಲ್ಲ. ಆದರೆ ಹೊಗೆಯಲ್ಲಿರುವ ರಾಸಾಯನಿಕಗಳು ಯಕೃತ್ತಿನ ಸಿವೈಪಿ1ಎ2 ಎಂಬ ಕಿಣ್ವವನ್ನು ಚುರುಕುಗೊಳಿಸಿ ಕ್ಲೋಜಪಿನ್, ಓಲಾಂಜಪಿನ್‌ಗಳನ್ನು ಬೇಗ ಕರಗಿಸುತ್ತಿರುತ್ತವೆ. ಸಿಗರೇಟು ನಿಂತ ಒಂದು ವಾರದಲ್ಲಿ ಆ ಚುರುಕು ಇಳಿದು, ಅದೇ ಡೋಸಿನಲ್ಲೇ ರಕ್ತದಲ್ಲಿ ಕ್ಲೋಜಪಿನ್ ಒಂದೂವರೆ ಪಟ್ಟು ಅಥವಾ ಹೆಚ್ಚು ಆಗಬಹುದು. ಮಂಪರು, ಜೊಲ್ಲು, ಫಿಟ್ಸ್ ಅಪಾಯ ಎಲ್ಲವೂ ಏರುತ್ತವೆ. ಇದು ಹೊಗೆಯ ಪರಿಣಾಮ, ನಿಕೋಟಿನ್‌ನದಲ್ಲ. ನಿಕೋಟಿನ್ ಪಟ್ಟಿ ಹಚ್ಚಿಕೊಂಡರೂ ಡೋಸ್ ಸಮಸ್ಯೆ ಹಾಗೇ ಇರುತ್ತದೆ. ಬಿಡುವ ದಿನವನ್ನು ವೈದ್ಯರಿಗೆ ಮೊದಲೇ ತಿಳಿಸಿದರೆ ಡೋಸ್ ಇಳಿಸಿ, ರಕ್ತದ ಮಟ್ಟ ನೋಡುತ್ತಾರೆ. ಸೇದುವವರು ಆಸ್ಪತ್ರೆಗೆ ಸೇರಿ ಸಿಗರೇಟು ನಿಂತಾಗಲೂ ಇದೇ ಆಗುತ್ತದೆ.

ಮಾತ್ರೆ ಬದಲಿಸುವುದು

ತೂಕ ಏರಿದಾಗ ಸೌಮ್ಯವಾದ ಮಾತ್ರೆಗೆ ಬದಲಿಸುವುದು ಒಳ್ಳೆಯ ದಾರಿ, ಆದರೆ ಎಲ್ಲರಿಗೂ ಅಲ್ಲ. 2011ರ ಒಂದು ಅಮೆರಿಕನ್ ಪ್ರಯೋಗದಲ್ಲಿ ಓಲಾಂಜಪಿನ್, ಕ್ವೆಟಿಯಪಿನ್ ಅಥವಾ ರಿಸ್ಪೆರಿಡೋನ್‌ನಿಂದ ಅರಿಪಿಪ್ರಜೋಲ್‌ಗೆ ಬದಲಾದವರು 24 ವಾರದಲ್ಲಿ 3.6 ಕೆ.ಜಿ. ಇಳಿದರು, ಹಳೆಯದರಲ್ಲೇ ಉಳಿದವರು 0.7 ಕೆ.ಜಿ. ಅದೇ ಪ್ರಯೋಗದಲ್ಲಿ ಬದಲಾದವರಲ್ಲಿ ಹೊಸ ಮಾತ್ರೆಯನ್ನು ನಡುವೆಯೇ ಬಿಟ್ಟವರೂ ಹೆಚ್ಚು. ಬೇರೆ ಎರಡು ಔಷಧಿ ಸೋತ ಮೇಲೆ ಕ್ಲೋಜಪಿನ್‌ಗೆ ಬಂದು ಚೇತರಿಸಿಕೊಂಡವರನ್ನು ತೂಕಕ್ಕೋಸ್ಕರ ಅದರಿಂದ ಬಿಡಿಸುವುದು ಬಹುತೇಕ ತಪ್ಪು ನಿರ್ಧಾರ. ಅಲ್ಲಿ ಮೆಟ್‌ಫಾರ್ಮಿನ್, ಜಿಎಲ್‌ಪಿ-1 ಇಂಜೆಕ್ಷನ್, ಅಥವಾ ಸ್ವಲ್ಪ ಅರಿಪಿಪ್ರಜೋಲ್ ಸೇರಿಸುವುದು ಉತ್ತಮ.

ಬದಲಿಸುವಾಗ ಹಳೆಯದನ್ನು ಒಂದೇ ದಿನ ನಿಲ್ಲಿಸಬಾರದು. ಅರಿಪಿಪ್ರಜೋಲ್ ದೇಹದಲ್ಲಿ ಸ್ಥಿರ ಮಟ್ಟಕ್ಕೆ ಬರಲು ಸುಮಾರು ಎರಡು ವಾರ ಬೇಕು. ಓಲಾಂಜಪಿನ್ ಥಟ್ಟನೆ ನಿಂತರೆ ನಿದ್ದೆಗೇಡು, ವಾಕರಿಕೆ, ತಳಮಳ ಬರುತ್ತದೆ. ಅದನ್ನು ನೋಡಿ ಹೊಸ ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದುಕೊಳ್ಳುತ್ತಾರೆ. ಹೊಸದನ್ನು ಪೂರ್ತಿ ಡೋಸಿಗೆ ತಂದು, ಹಳೆಯದನ್ನು ಕೆಲವು ವಾರಗಳಲ್ಲಿ ಮೆಟ್ಟಿಲುಮೆಟ್ಟಿಲಾಗಿ ಇಳಿಸುವುದು ಸುರಕ್ಷಿತ. ಅರಿಪಿಪ್ರಜೋಲ್ ಮತ್ತು ಕ್ಯಾರಿಪ್ರಜೀನ್‌ನಲ್ಲಿ ಕೂತಲ್ಲಿ ಕೂರಲಾಗದ ಚಡಪಡಿಕೆ ಬರಬಹುದು. ಅದಕ್ಕೆ ಚಿಕಿತ್ಸೆ ಇದೆ ಎಂದು ಮೊದಲೇ ಹೇಳಿದ್ದರೆ ಜನ ಹೆದರುವುದಿಲ್ಲ.

ಲುರಾಸಿಡೋನ್ ಮತ್ತು ಜಿಪ್ರಾಸಿಡೋನ್‌ಗೆ ಬದಲಾದವರು ಇನ್ನೊಂದು ತಪ್ಪು ಮಾಡುವುದುಂಟು. ಇವು ಖಾಲಿ ಹೊಟ್ಟೆಯಲ್ಲಿ ಅರ್ಧದಷ್ಟೂ ರಕ್ತಕ್ಕೆ ಸೇರದೆ ಹೋಗಬಹುದು. ಲುರಾಸಿಡೋನ್‌ಗೆ ಕನಿಷ್ಠ 350 ಕ್ಯಾಲೊರಿಯ ಊಟ ಬೇಕು, ದಿನಕ್ಕೆರಡು ಸಲದ ಜಿಪ್ರಾಸಿಡೋನ್‌ಗೆ ಪ್ರತಿ ಸಲವೂ ಸುಮಾರು 500. ಒಂದು ಹಣ್ಣು, ಎರಡು ಬಿಸ್ಕತ್ತು ಸಾಲದು. ತೂಕ ಇಳಿಸಬೇಕೆಂದು ರಾತ್ರಿ ಊಟ ಬಿಟ್ಟು ಬರೀ ನೀರಿನಲ್ಲಿ ಲುರಾಸಿಡೋನ್ ನುಂಗಿದರೆ, ಕೆಲವು ವಾರಗಳಲ್ಲಿ ಧ್ವನಿಗಳು ಮತ್ತೆ ಕೇಳಿಸತೊಡಗಬಹುದು. ಡೋಸ್ ಹೆಚ್ಚಿಸುವ ಮೊದಲು ಆಗ ಕೇಳಬೇಕಾದ ಪ್ರಶ್ನೆ, ಮಾತ್ರೆ ನುಂಗುವ ಹೊತ್ತಿಗೆ ಏನು ತಿನ್ನುತ್ತಿದ್ದೀರಿ ಎಂಬುದು.